ಸೈಕಲ್ ಬ್ರೇಕು: ನಾಟಿಂಗ್‌ಹ್ಯಾಮಿನಿಂದ ಹೊನ್ನಾಳಿಯವರೆಗೆ

ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬೆಂಗಳೂರಿನಿಂದ ದೂರವಾಣಿ ಮಾಡಿದ್ದನು. ಹೊನ್ನಾಳಿಯ ಹಿರಿಯರ ಮನೆಯನ್ನು ರಿಪೇರಿ ಮಾಡಿಸುವಾಗ ಹಿತ್ತಿಲ ಕೊಟ್ಟಿಗೆಯಲ್ಲಿ ಎರಡು ಸೈಕಲ್ಲುಗಳು ಸಿಕ್ಕಿದವಂತೆ. ಒಂದು ಅವನ ತಂದೆಯವರದು, ಕಡ್ಡಿ ಬ್ರೇಕಿನ ಹಳೆಯ ಕಪ್ಪು ಸೈಕಲ್ಲು. ಇನ್ನೊಂದು ಅವನು ಕಾಲೇಜಿಗೆ ಹೋಗುತ್ತಿದ್ದ ಕಾಲದ ಕೇಬಲ್ ಬ್ರೇಕಿನದು. ತುಕ್ಕು ಒರೆಸಿ, ಎಣ್ಣೆ ಬಿಟ್ಟು, ಹೊಸ ಟೈರು ಹಾಕಿಸಿ ಬೆಂಗಳೂರಿಗೆ ಒಯ್ದಿದ್ದಾನೆ. "ಸರ್, ಎಲ್ಲಾ ಸರಿಯಾಗಿದೆ. ಆದರೆ ಬ್ರೇಕ್ ರಬ್ಬರ್ ಒಂದು ಕಡೆ ಉಜ್ಜುತ್ತೆ, ಇನ್ನೊಂದು ಕಡೆ ಮುಟ್ಟೋದೇ ಇಲ್ಲ. ನೀವು ಶಾಲೇಲಿ ಹುಡುಗರಿಗೆ ಸರಿ ಮಾಡಿಕೊಡ್ತಿದ್ರಲ್ಲ, ಅದು ಹೇಗೆ ಸರ್?" ಎಂದು ಕೇಳಿದನು.

ಐದು ನಿಮಿಷಗಳಲ್ಲಿ ಉತ್ತರ ಹೇಳಿ ಮುಗಿಸಿದೆ. ಆದರೆ ಫೋನು ಇಟ್ಟ ಮೇಲೆ ಬಹಳ ಹೊತ್ತು ಸುಮ್ಮನೆ ಕುಳಿತಿದ್ದೆ. ಆ ಐದು ನಿಮಿಷದ ಉತ್ತರದ ಹಿಂದೆ ನೂರು ವರ್ಷಗಳಿಗೂ ಮೀರಿದ ಇತಿಹಾಸವಿದೆ. ಜೊತೆಗೆ ನಾನು ಇದುವರೆಗೆ ಎಲ್ಲಿಯೂ ಬರೆಯದೆ ಉಳಿಸಿಕೊಂಡಿದ್ದ ಒಂದು ತಪ್ಪೂ ಇದೆ. ಎರಡನ್ನೂ ಇಲ್ಲಿ ಬರೆದಿಡುತ್ತೇನೆ.

ನಾನು ಸಮಾಜ ವಿಜ್ಞಾನದ ಶಿಕ್ಷಕನೆಂಬುದು ನಿಮಗೆಲ್ಲ ತಿಳಿದದ್ದೇ. ಪ್ರತಿ ವರ್ಷವೂ ಕೈಗಾರಿಕಾ ಕ್ರಾಂತಿಯ ಪಾಠ ಬರುತ್ತಿತ್ತು. ಇಂಗ್ಲೆಂಡಿನ ನಕ್ಷೆಯನ್ನು ಗೋಡೆಗೆ ತೂಗುಹಾಕಿ ಬರ್ಮಿಂಗ್‌ಹ್ಯಾಮ್, ನಾಟಿಂಗ್‌ಹ್ಯಾಮ್, ಕೊವೆಂಟ್ರಿ ಎಂದು ಕೋಲಿನಿಂದ ತೋರಿಸುತ್ತಿದ್ದೆ. ನೀವು ಅದನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದಿರಿ. ಆ ಊರುಗಳ ವಂಶಕ್ಕೆ ಸೇರಿದ ವಸ್ತುವೊಂದು ಕಿಟಕಿಯ ಆಚೆ ಹೊಂಗೆಮರದ ಕೆಳಗೆ ಸ್ಟ್ಯಾಂಡ್ ಹಾಕಿಕೊಂಡು ನಿಂತಿರುತ್ತಿತ್ತು. ಅದನ್ನು ತೋರಿಸಿ ಪಾಠ ಮಾಡಬೇಕೆಂದು ನನಗೆ ಬಹಳ ವರ್ಷಗಳವರೆಗೆ ಹೊಳೆಯಲೇ ಇಲ್ಲ.

ಬ್ರೇಕಿನ ಇತಿಹಾಸವೆಂದರೆ, ಚಕ್ರವನ್ನು ಎಲ್ಲಿ ಒತ್ತಿ ನಿಲ್ಲಿಸಬೇಕು ಎಂಬ ಪ್ರಶ್ನೆಗೆ ಮನುಷ್ಯನು ಕಾಲಕಾಲಕ್ಕೆ ಕೊಟ್ಟ ಉತ್ತರಗಳ ಇತಿಹಾಸ. ಮುಂದಿನ ಚಕ್ರ ಆಳೆತ್ತರ, ಹಿಂದಿನದು ಅಂಗೈಯಗಲ ಎಂಬಂತಿದ್ದ ಹಳೆಯ ಸೈಕಲ್ಲಿನ ಚಿತ್ರವನ್ನು ನೀವು ನೋಡಿರುತ್ತೀರಿ. ಅದರ ಗಾಲಿಗೆ ಗಟ್ಟಿ ರಬ್ಬರಿನ ಪಟ್ಟಿ. ಸೌಟಿನಂತಹ ಒಂದು ಲೋಹದ ತುಂಡನ್ನು ಮೇಲಿನಿಂದ ಆ ರಬ್ಬರಿಗೇ ಒತ್ತುವುದು ಅಂದಿನ ಬ್ರೇಕು. ಅಷ್ಟು ಎತ್ತರದಲ್ಲಿ ಕುಳಿತು ಮುಂದಿನ ಗಾಲಿಯನ್ನು ಗಕ್ಕನೆ ಹಿಡಿದರೆ ಸವಾರನು ತಲೆಕೆಳಗಾಗಿ ಬೀಳುತ್ತಿದ್ದನು. 1885ರಲ್ಲಿ ಕೊವೆಂಟ್ರಿಯ ಜಾನ್ ಕೆಂಪ್ ಸ್ಟಾರ್ಲಿ ಎಂಬವರು ಹಿಂದಿನ ಗಾಲಿಯನ್ನು ಚೈನಿನಿಂದ ತಿರುಗಿಸುವ 'ರೋವರ್' ಸೈಕಲ್ಲನ್ನು ತಂದರು. ಸವಾರನ ಕಾಲು ನೆಲಕ್ಕೆ ಎಟುಕುವಂತಾಯಿತು. ನಾವು ಇಂದು ತುಳಿಯುವ ಸೈಕಲ್ಲುಗಳೆಲ್ಲ ಅದರ ಮಕ್ಕಳು ಮರಿಮಕ್ಕಳೇ.

ಮೂರೇ ವರ್ಷಗಳಲ್ಲಿ, ಅಂದರೆ 1888ರಲ್ಲಿ, ಬೆಲ್‌ಫಾಸ್ಟಿನಲ್ಲಿದ್ದ ಪಶುವೈದ್ಯ ಜಾನ್ ಬಾಯ್ಡ್ ಡನ್‌ಲಪ್ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದರು. ಕುಲುಕಾಟವೇನೋ ತಗ್ಗಿತು, ಆದರೆ ಬ್ರೇಕಿಗೆ ಹೊಸ ತೊಂದರೆ ಬಂದಿತು. ಗಟ್ಟಿ ರಬ್ಬರಿಗೆ ಸೌಟನ್ನು ಒತ್ತಿದರೆ ನಡೆಯುತ್ತಿತ್ತು. ಗಾಳಿಯ ಟೈರು ತೆಳುವಾದದ್ದು. ಪ್ರತಿ ಸಲ ಲೋಹ ತಾಗಿದಾಗಲೂ ಅದು ಸವೆಯುತ್ತಿತ್ತು. ಹಾಗಾದರೆ ಒತ್ತುವುದೆಲ್ಲಿ? ಟೈರನ್ನು ಬಿಟ್ಟು ಅದನ್ನು ಹೊತ್ತ ಲೋಹದ ಬಳೆಯನ್ನು, ಅಂದರೆ ರಿಮ್ಮನ್ನು ಒತ್ತಬೇಕು. ರಿಮ್ ಬ್ರೇಕು ಬಳಕೆಗೆ ಬಂದದ್ದು ಹೀಗೆ. ಒಂದು ಅನುಕೂಲವು ಇನ್ನೊಂದು ಅನನುಕೂಲವನ್ನು ಹುಟ್ಟಿಸಿ, ಅದರಿಂದ ಮೂರನೆಯದೊಂದು ಉಪಾಯ ಹುಟ್ಟುವುದು ಯಂತ್ರಗಳ ಇತಿಹಾಸದುದ್ದಕ್ಕೂ ಕಾಣುವ ಸಂಗತಿ.

ರಿಮ್ಮನ್ನು ಒತ್ತಲು ಎರಡು ದಾರಿಗಳಿದ್ದವು. ಮೊದಲನೆಯದು ಕಡ್ಡಿ ಬ್ರೇಕು. ಹ್ಯಾಂಡಲ್ಲಿನ ಹಿಡಿಯನ್ನು ಹಿಚುಕಿದರೆ ಉಕ್ಕಿನ ಕಡ್ಡಿ ಮೇಲಕ್ಕೆ ಸರಿಯುತ್ತದೆ. ಗಾಲಿಯನ್ನು ಬಳಸಿ ನಿಂತ ಲಾಳದ ಆಕಾರದ ಕಂಬಿಯೊಂದು ಅದರೊಂದಿಗೆ ಮೇಲೇಳುತ್ತದೆ. ಲಾಳದ ಎರಡು ತುದಿಗಳಲ್ಲಿರುವ ರಬ್ಬರುಗಳು ರಿಮ್ಮಿನ ಒಳಮುಖವನ್ನು, ಅಂದರೆ ಗಾಲಿಯ ಕಡ್ಡಿಗಳು ಬಂದು ಸೇರುವ ಮುಖದ ಎರಡು ಅಂಚುಗಳನ್ನು, ಕೆಳಗಿನಿಂದ ಒತ್ತುತ್ತವೆ. ಇದಕ್ಕಾಗಿ ಅಂಚುಗಳು ದುಂಡಗಿರುವ 'ವೆಸ್ಟ್‌ವುಡ್' ಎಂಬ ರಿಮ್ಮು ಬೇಕು. ನಮ್ಮ ಊರಿನ ಹಳೆಯ ಇಪ್ಪತ್ತೆಂಟು ಅಂಗುಲದ ಕಪ್ಪು ಸೈಕಲ್ಲುಗಳ ರಿಮ್ಮು ಅದೇ.

ಎರಡನೆಯದು ಕೇಬಲ್ ಬ್ರೇಕು. ಕೊಳವೆಯೊಳಗೆ ಜಾರುವ ತಂತಿಯ ಮೂಲಕ ಸೆಳೆತವನ್ನು ಎಲ್ಲಿಗೆ ಬೇಕಾದರೂ ಬಾಗಿಸಿ ಒಯ್ಯುವ ಈ ಉಪಾಯಕ್ಕೆ 1896ರಲ್ಲಿ ಪೇಟೆಂಟ್ ಪಡೆದವರು ಅರ್ನೆಸ್ಟ್ ಮೊನಿಂಗ್ಟನ್ ಬೌಡನ್. ಇದೇ ಬೌಡನ್ ಹೆಸರಿನ ಇನ್ನೊಬ್ಬರಿದ್ದಾರೆ. ನಾಟಿಂಗ್‌ಹ್ಯಾಮಿನಲ್ಲಿ ರ್‍ಯಾಲೀ ಕಂಪನಿಯನ್ನು ಕಟ್ಟಿದವರು ಫ್ರಾಂಕ್ ಬೌಡನ್. ಇಬ್ಬರನ್ನೂ ಒಬ್ಬರೆಂದೇ ಭಾವಿಸುವವರುಂಟು. ನಾನೂ ಬಹಳ ಕಾಲ ಹಾಗೆಯೇ ತಿಳಿದಿದ್ದೆ. ಕೇಬಲ್ ಬ್ರೇಕಿನಲ್ಲಿ ಚಿಮಟದಂತಹ ಎರಡು ತೋಳುಗಳು ರಿಮ್ಮಿನ ಎಡಬಲ ಪಕ್ಕಗಳನ್ನು ಹಿಡಿಯುತ್ತವೆ. ಅದು ಹಗುರ, ಅಗ್ಗ, ಬಿಗಿಹಿಡಿತದ್ದು. ಇಂಗ್ಲೆಂಡಿನಲ್ಲಿ ಕಾಲಕ್ರಮೇಣ ಕೇಬಲ್ಲೇ ಗೆದ್ದಿತು, ಕಡ್ಡಿ ಬ್ರೇಕು ಮೂಲೆ ಸೇರಿತು.

ಆದರೆ ನಮ್ಮಲ್ಲಿ ಹಾಗಾಗಲಿಲ್ಲ. ಅದಕ್ಕೂ ಕಾರಣವಿದೆ. ಸ್ವಾತಂತ್ರ್ಯಕ್ಕೆ ಮೊದಲು ಇಲ್ಲಿಗೆ ಬರುತ್ತಿದ್ದ ಸೈಕಲ್ಲುಗಳಲ್ಲಿ ಹೆಚ್ಚಿನವು ಇಂಗ್ಲೆಂಡಿನವು: ರ್‍ಯಾಲೀ, ಹಂಬರ್, ಹರ್ಕ್ಯುಲಿಸ್, ಫಿಲಿಪ್ಸ್, ಬಿ.ಎಸ್.ಎ. ಈ ಬಿ.ಎಸ್.ಎ. ಎಂದರೆ 'ಬರ್ಮಿಂಗ್‌ಹ್ಯಾಮ್ ಸ್ಮಾಲ್ ಆರ್ಮ್ಸ್', ಮೂಲತಃ ಬಂದೂಕು ಮಾಡುವ ಕಂಪನಿ. ಅದರ ಗುರುತಿನಲ್ಲಿ ಮೂರು ಬಂದೂಕುಗಳು ಒಂದಕ್ಕೊಂದು ಆತು ನಿಂತಿರುವುದು ಅದಕ್ಕೇ. ಸ್ವಾತಂತ್ರ್ಯದ ನಂತರ ಸೈಕಲ್ಲು ಇಲ್ಲಿಯೇ ತಯಾರಾಗಬೇಕೆಂಬ ಧೋರಣೆ ಬಲಗೊಂಡಿತು. 1949ರಲ್ಲಿ ಮುರುಗಪ್ಪ ಮನೆತನದವರು ಇಂಗ್ಲೆಂಡಿನ ಟ್ಯೂಬ್ ಇನ್ವೆಸ್ಟ್‌ಮೆಂಟ್ಸ್ ಸಂಸ್ಥೆಯೊಡನೆ ಸೇರಿ ಮದರಾಸಿನ ಅಂಬತ್ತೂರಿನಲ್ಲಿ ಟಿ.ಐ. ಸೈಕಲ್ಸ್ ಆರಂಭಿಸಿದರು. ಬಂಗಾಳದ ಆಸನ್‌ಸೋಲ್ ಬಳಿ ಸುಧೀರ್ ಕುಮಾರ್ ಸೇನ್ ಅವರ ಸೇನ್-ರ್‍ಯಾಲೀ ಕಾರ್ಖಾನೆ ಬಂದಿತು. 1951ರಲ್ಲಿ ಸೋನಿಪತ್ತಿನಲ್ಲಿ ಜಾನಕೀದಾಸ್ ಕಪೂರ್ ಅವರ ಅಟ್ಲಾಸ್, 1956ರಲ್ಲಿ ಲೂಧಿಯಾನದಲ್ಲಿ ಮುಂಜಾಲ್ ಸೋದರರ ಹೀರೋ ಆರಂಭವಾದವು.

ಈ ಕಾರ್ಖಾನೆಗಳು ಇಂಗ್ಲಿಷ್ ಸೈಕಲ್ಲಿನ ಹಳೆಯ ಗಟ್ಟಿ ಮಾದರಿಯನ್ನೇ ಮುಂದುವರಿಸಿದವು. ನಮ್ಮ ರಸ್ತೆಗಳಿಗೂ ನಮ್ಮ ಹೊರೆಗಳಿಗೂ ಅದೇ ಒಪ್ಪಿತು. ಕಡ್ಡಿ ಬ್ರೇಕಿನಲ್ಲಿ ಕೊಳವೆಯೊಳಗೆ ತುಕ್ಕು ಹಿಡಿದು ಸಿಕ್ಕಿಕೊಳ್ಳುವ ತಂತಿಯಿಲ್ಲ. ಬಾಗಿದರೆ ಕಮ್ಮಾರನು ನೆಟ್ಟಗೆ ಮಾಡಿಕೊಡುತ್ತಾನೆ. ಒಂದು ಪಾನ, ಒಂದು ಸುತ್ತಿಗೆ ಇದ್ದರೆ ಸಾಕು. ಅದು ಭಾರ, ಅದು ಗಡಗಡ ಸದ್ದು ಮಾಡುತ್ತದೆ, ಮಳೆಯಲ್ಲಿ ಅದರ ಹಿಡಿತ ಕಡಿಮೆ. ಆದರೂ ಇಂಗ್ಲೆಂಡು ಬಿಟ್ಟುಕೊಟ್ಟ ಬ್ರೇಕು ಹೊನ್ನಾಳಿಯಲ್ಲಿ ಇನ್ನೂ ಹಲವು ದಶಕ ಬಾಳಿತು.

ನಮ್ಮ ಹೊನ್ನಾಳಿಯ ನೆಲವನ್ನೇ ನೋಡಿ. ಕೂಡಲಿಯಲ್ಲಿ ಒಂದಾದ ತುಂಗೆ ಭದ್ರೆಯರು ಹರಿದುಬಂದು ಊರನ್ನು ಸವರಿಕೊಂಡು ಹರಿಹರದ ಕಡೆಗೆ ಹೋಗುತ್ತಾರೆ. ನ್ಯಾಮತಿ, ಸವಳಂಗದ ಕಡೆ ಹೋದರೆ ಮಲೆನಾಡಿನ ಸೆರಗು, ಏರುತಗ್ಗಿನ ಹಾದಿ. ತಾಲ್ಲೂಕಿನ ಇನ್ನೊಂದು ಭಾಗದಲ್ಲಿ ಭದ್ರಾ ನಾಲೆಯ ನೀರುಂಡ ಗದ್ದೆಗಳು, ನಾಲೆಯ ಏರಿ, ಏರಿಯಿಂದ ಇಳಿಯುವ ಜಾರು. ಆಗ ನಾವು ಶಿವಮೊಗ್ಗ ಜಿಲ್ಲೆಯವರು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ನ್ಯಾಮತಿ ಪ್ರತ್ಯೇಕ ತಾಲ್ಲೂಕಾದದ್ದು ಇನ್ನೂ ಈಚೆಗೆ. ಅಂಚೆಯವರು, ಹಾಲಿನವರು, ಮಲೇರಿಯಾ ಇಲಾಖೆಯವರು, ಮೇಷ್ಟ್ರುಗಳು ಎಲ್ಲರೂ ಸೈಕಲ್ಲಿನ ಮೇಲೆಯೇ. ಎರಡು ಮೂಟೆ ಭತ್ತ, ಅದರ ಮೇಲೊಂದು ಮಗು, ಮುಂದಿನ ಬಾರಿನ ಮೇಲೆ ಇನ್ನೊಂದು. ಆಗ ಅನೇಕ ಊರುಗಳಲ್ಲಿ ಸೈಕಲ್ಲಿಗೂ ತೆರಿಗೆ ಕಟ್ಟಿ ಬಿಲ್ಲೆ ಪಡೆಯಬೇಕಾಗಿತ್ತು. ಕತ್ತಲಾದ ಮೇಲೆ ದೀಪವಿಲ್ಲದೆ ಬಂದರೆ, ಇಬ್ಬರು ಕುಳಿತು ಬಂದರೆ ಪೊಲೀಸರು ಹಿಡಿಯುತ್ತಿದ್ದರು. ಆದರೆ ಬ್ರೇಕು ಹಿಡಿಯುತ್ತದೆಯೇ ಎಂದು ಯಾರಾದರೂ ನಿಲ್ಲಿಸಿ ಕೇಳಿದ್ದನ್ನು ನಾನು ಕಾಣೆ. ಬಿಲ್ಲೆ ಕಣ್ಣಿಗೆ ಕಾಣುತ್ತದೆ, ದೀಪವೂ ಕಾಣುತ್ತದೆ. ಬ್ರೇಕಿಲ್ಲವೆಂಬುದು ಗೊತ್ತಾಗುವುದು ಜಾರಿನಲ್ಲಿ ಮಾತ್ರ.

ಈಗ ನನ್ನ ತಪ್ಪಿನ ವಿಷಯ.

1974ರ ಮಳೆಗಾಲ. ಕೆಲಸಕ್ಕೆ ಸೇರಿ ಮೂರು ವರ್ಷವಾಗಿದ್ದ ಎಳೆಯ ಮೇಷ್ಟ್ರು ನಾನು. ಹತ್ತನೆಯ ತರಗತಿಯ ಹುಡುಗನೊಬ್ಬ ತನ್ನ ತಂದೆಯ ಸೈಕಲ್ಲಿನಲ್ಲಿ ನಾಲೆಯಾಚೆಯ ಹಳ್ಳಿಯಿಂದ ಬರುತ್ತಿದ್ದನು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ನನ್ನ ಬಳಿ ಬಂದು, "ಸಾರ್, ಮುಂದಿನ ಬ್ರೇಕು ಉಜ್ಜಿ ಉಜ್ಜಿ ತುಳಿಯೋಕೇ ಆಗ್ತಿಲ್ಲ. ಅಂಗಡಿಗೆ ಕೊಡೋಕೆ ದುಡ್ಡಿಲ್ಲ" ಎಂದನು. ನನಗೆ ಬಸ್ಸಿಗೆ ಹೊತ್ತಾಗಿತ್ತು. ಬಗ್ಗಿ ನೋಡಿದೆ. ಗಾಲಿ ತಿರುಗಿದಂತೆಲ್ಲ ರಬ್ಬರು ಒಂದು ಕಡೆ ತಾಗಿ ಸೊಯ್ ಸೊಯ್ ಎನ್ನುತ್ತಿತ್ತು. ನಾನು ಕಡ್ಡಿಯ ತಿರುಪನ್ನು ಸಡಿಲಿಸಿ ಲಾಳವನ್ನು ಅರ್ಧ ಅಂಗುಲ ಕೆಳಗಿಳಿಸಿ ಬಿಗಿದೆ. ಗಾಲಿ ಸರಾಗವಾಗಿ ತಿರುಗಿತು. "ಈಗ ಉಜ್ಜೋದಿಲ್ಲ, ಹೋಗು" ಎಂದೆ. ಹುಡುಗ ಕೈಮುಗಿದು ಹೋದನು. ಹಿಡಿಯನ್ನು ಒಮ್ಮೆ ಹಿಚುಕಿ ನೋಡಬೇಕೆಂದು ನನಗೂ ತೋಚಲಿಲ್ಲ, ಅವನಿಗೂ ತೋಚಲಿಲ್ಲ. ಹಿಚುಕಿದ್ದರೆ ರಬ್ಬರು ರಿಮ್ಮನ್ನು ಮುಟ್ಟುವುದೇ ಇಲ್ಲವೆಂಬುದು ತಿಳಿಯುತ್ತಿತ್ತು. ಹಿಂದಿನ ಬ್ರೇಕು ಮೊದಲೇ ಸವೆದು ಹೋಗಿತ್ತು.

ಮರುದಿನ ಬೆಳಿಗ್ಗೆ ಸೋನೆಮಳೆ. ನಾಲೆಯ ಏರಿಯ ಜಾರಿನಲ್ಲಿ ಎದುರಿಗೆ ಎತ್ತಿನಗಾಡಿ ಬಂದಿತಂತೆ. ಹುಡುಗ ಗಾಡಿಗೆ ತಾಗದಿರಲೆಂದು ಕಲ್ಲಿನ ಮೋರಿಯ ಕಡೆಗೆ ತಿರುಗಿಸಿದನು. ಎಡಗೈಯ ಮೂಳೆ ಮುರಿಯಿತು. ಊರಿನಲ್ಲೇ ಕಟ್ಟು ಹಾಕಿಸಿದರು. ಮೂಳೆ ತುಸು ಓರೆಯಾಗಿಯೇ ಕೂಡಿಕೊಂಡಿತು. ಒಂದೂವರೆ ತಿಂಗಳು ಶಾಲೆ ತಪ್ಪಿತು. ನಾನು ಅವನ ಮನೆಗೆ ಹೋಗಿ ನೋಡಿಕೊಂಡು ಬಂದೆ. ಅವನ ತಂದೆ, "ನೀವು ಇಷ್ಟು ದೂರ ಬಂದ್ರಲ್ಲ ಮೇಷ್ಟ್ರೇ, ನಮ್ಮ ಹುಡುಗಂದೇ ಅವಸರ" ಎಂದು ಹಾಲು ತಂದುಕೊಟ್ಟರು. ನಾನು ಕುಡಿದೆ. ಬ್ರೇಕು ಇಳಿಸಿದವನು ನಾನು ಎಂದು ಹೇಳಲು ನಾಲಗೆ ಏಳಲಿಲ್ಲ. ಹಾಸಿಗೆಯ ಮೇಲಿದ್ದ ಹುಡುಗನೂ ಹೇಳಲಿಲ್ಲ. ನನ್ನನ್ನೇ ನೋಡುತ್ತಿದ್ದನು.

ಆ ಭಾನುವಾರ ನಾನು ಪೇಟೆಯ ಒಂದು ಸೈಕಲ್ ಶಾಪಿಗೆ ಹೋದೆ. ಅಂಗಡಿಯ ಹಿರಿಯರನ್ನು ಹುಡುಗರೆಲ್ಲ ಚಾಚಾ ಎನ್ನುತ್ತಿದ್ದರು. ಬ್ರೇಕು ಸರಿಮಾಡುವುದನ್ನು ನನಗೆ ಕಲಿಸಬೇಕೆಂದು ಕೇಳಿದೆ. ಅವರು ನಕ್ಕು, "ಮೇಷ್ಟ್ರೇ, ನೀವು ಕಲಿತ್ರೆ ನನ್ನ ಹೊಟ್ಟೆಪಾಡು?" ಎಂದರು. ನಡೆದದ್ದನ್ನು ಹೇಳಿದೆ. ಅವರು ನಗು ನಿಲ್ಲಿಸಿ ಒಂದು ಮುರುಕು ಸ್ಟೂಲು ಎಳೆದು ಕೊಟ್ಟರು. ಆಗ ನಾನು ಸತ್ಯ ಹೇಳಿದ್ದು ಅವರೊಬ್ಬರಿಗೇ. ಹಲವು ಭಾನುವಾರಗಳು ಅಲ್ಲಿ ಕುಳಿತೆ. ಬಾಡಿಗೆ ಸೈಕಲ್ಲು ಒಯ್ದು ಒಳಪೆಡಲು ತುಳಿಯಲು ಬರುತ್ತಿದ್ದ ನನ್ನ ವಿದ್ಯಾರ್ಥಿಗಳು, ಮೇಷ್ಟ್ರು ಗ್ರೀಸು ಮೆತ್ತಿಕೊಂಡು ಕುಳಿತಿರುವುದನ್ನು ಕಂಡು ಬೆರಗಾಗುತ್ತಿದ್ದರು.

ಅವರು ಮೊದಲ ದಿನ ಹೇಳಿದ ಮಾತು ಇದು: "ಬ್ರೇಕಿಗೆ ಯಾಕೆ ಬೈತೀರಿ? ಮೊದಲು ಗಾಲಿ ನೋಡಿ. ಗಾಲಿ ಸೊಟ್ಟ ಐತೆ, ಬ್ರೇಕು ನಿಜ ಹೇಳ್ತಾ ಐತೆ." ನಾನು ಮಾಡಿದ ತಪ್ಪು ಇದೇ ಆಗಿತ್ತು. ಬ್ರೇಕು ಉಜ್ಜುತ್ತದೆಂದು ಅದರ ಬಾಯಿ ಮುಚ್ಚಿಸಿದ್ದೆ. ಅದು ಯಾವ ರೋಗವನ್ನು ಹೇಳುತ್ತಿದೆಯೆಂದು ಕೇಳಿರಲಿಲ್ಲ.

ದೂರವಾಣಿಯಲ್ಲಿ ಕೇಳಿದವನಿಗೂ, ಮನೆಯಲ್ಲಿ ಹಳೆಯ ಸೈಕಲ್ಲು ಇಟ್ಟುಕೊಂಡಿರುವ ಉಳಿದವರಿಗೂ ಕ್ರಮವಾಗಿ ಬರೆಯುತ್ತೇನೆ.

ಎರಡೂ ಬಗೆಯ ಬ್ರೇಕಿಗೆ ಮೊದಲ ಹೆಜ್ಜೆ ಒಂದೇ. ಗಾಲಿಯು ಫೋರ್ಕಿನ ನಡುವೆ ಸರಿಯಾಗಿ ಕುಳಿತಿದೆಯೇ ನೋಡಬೇಕು. ಸೈಕಲ್ಲನ್ನು ನೆಲದ ಮೇಲೆ ನಿಲ್ಲಿಸಿ, ಅಚ್ಚಿನ ಎರಡು ನಟ್ಟುಗಳನ್ನೂ ಸಡಿಲಿಸಿ, ಮೇಲಿನಿಂದ ಒತ್ತಿ ಗಾಲಿಯನ್ನು ಕೂರಿಸಿ, ಎರಡು ಕಡೆಗೂ ಸ್ವಲ್ಪ ಸ್ವಲ್ಪವೇ ಬಿಗಿಯಬೇಕು. ಹಿಂದಿನ ಗಾಲಿಯಾದರೆ ಚೈನಿನ ಬಿಗಿಯನ್ನೂ ನೋಡಿಕೊಂಡು ನಡುವಿಗೆ ತರಬೇಕು. ಅರ್ಧದಷ್ಟು ಬ್ರೇಕುಗಳ ತಂಟೆ ಇಲ್ಲಿಯೇ ಮುಗಿಯುತ್ತದೆ ಎಂಬುದು ನನ್ನ ಅನುಭವ.

ಆಮೇಲೆ ಗಾಲಿಯ ಬೆಂಡು. ಇದರಲ್ಲಿ ಎರಡು ಬಗೆಯಿದೆ. ಗಾಲಿಯನ್ನು ತಿರುಗಿಸಿದಾಗ ರಿಮ್ಮು ಎಡಕ್ಕೂ ಬಲಕ್ಕೂ ಓಲಾಡುವುದು ಒಂದು. ಮೊಟ್ಟೆಯಂತೆ ಮೇಲಕ್ಕೂ ಕೆಳಕ್ಕೂ ಏರಿಳಿಯುವುದು ಇನ್ನೊಂದು. ಕೇಬಲ್ ಬ್ರೇಕು ರಿಮ್ಮಿನ ಪಕ್ಕವನ್ನು ಹಿಡಿಯುವುದರಿಂದ ಅದಕ್ಕೆ ಓಲಾಟವೇ ಮುಖ್ಯ ಶತ್ರು. ಕಡ್ಡಿ ಬ್ರೇಕು ಕೆಳಗಿನಿಂದ ಒತ್ತುವುದರಿಂದ ಅದಕ್ಕೆ ಏರಿಳಿತವೇ ಹೆಚ್ಚು ತೊಂದರೆ. ಅಂಗಡಿಯಲ್ಲಿ ಎರಡಕ್ಕೂ ಬೆಂಡು ಎಂದೇ ಹೆಸರು. ಫೋರ್ಕಿಗೆ ಸೀಮೆಸುಣ್ಣದ ತುಂಡೊಂದನ್ನು ಆನಿಸಿ ಹಿಡಿದು ಗಾಲಿ ತಿರುಗಿಸಿದರೆ, ರಿಮ್ಮು ಹೊರಚಾಚಿದ ಕಡೆ ಗುರುತು ಬೀಳುತ್ತದೆ. ರಿಮ್ಮು ಬಲಕ್ಕೆ ಬಾಗಿದ್ದರೆ ಆ ಜಾಗದಲ್ಲಿ ಎಡಗಡೆಯಿಂದ ಬರುವ ಕಡ್ಡಿಗಳನ್ನು ಬಿಗಿಯಬೇಕು, ಬಲಗಡೆಯವನ್ನು ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಅವಸರ ಮಾಡಿದರೆ ಒಂದು ಬೆಂಡು ಮೂರಾಗುತ್ತದೆ.

ಗಾಲಿ ಸರಿಯಾದ ಮೇಲೆಯೇ ಬ್ರೇಕಿಗೆ ಕೈ ಹಾಕಬೇಕು. ಕಡ್ಡಿ ಬ್ರೇಕಿನಲ್ಲಿ, ಲಾಳವು ಜಾರುವ ಹಿಡಿಕೆಗಳು ಫೋರ್ಕಿನ ಎರಡು ಕಾಲುಗಳಲ್ಲಿ ಒಂದೇ ಎತ್ತರದಲ್ಲಿರಬೇಕು. ಲಾಳದ ಎರಡು ತೋಳುಗಳ ನಡುವೆ ಗಾಲಿ ಸರಿಯಾಗಿ ಮಧ್ಯದಲ್ಲಿರಬೇಕು. ಒಂದು ತೋಳು ಬಾಗಿದ್ದರೆ ಕೈಯಿಂದ ನಯವಾಗಿ ನೆಟ್ಟಗೆ ಮಾಡಬಹುದು. ಎರಡು ರಬ್ಬರುಗಳೂ ರಿಮ್ಮಿನಿಂದ ಒಂದೇ ಅಂತರದಲ್ಲಿ, ಮೂರು ನಾಲ್ಕು ಮಿಲಿಮೀಟರಿನಷ್ಟು ಕೆಳಗಿರಬೇಕು. ಕೊನೆಯಲ್ಲಿ ಮಾತ್ರ ಕಡ್ಡಿಯ ತಿರುಪನ್ನು ಸಡಿಲಿಸಿ ಉದ್ದವನ್ನು ಹೊಂದಿಸಿ ಬಿಗಿಯಬೇಕು. ನಾನು 1974ರಲ್ಲಿ ಕೊನೆಯ ಹೆಜ್ಜೆಯನ್ನೇ ಮೊದಲ ಹೆಜ್ಜೆ ಮಾಡಿದ್ದೆ, ಅದೂ ತಿರುಗಾಮುರುಗಾ.

ಕೇಬಲ್ ಬ್ರೇಕಿನಲ್ಲಿ, ಮೊದಲು ಎರಡು ತೋಳುಗಳು ಕೂಡುವ ಜಾಗಕ್ಕೆ ಒಂದು ತೊಟ್ಟು ಎಣ್ಣೆ ಬಿಡಿ, ರಬ್ಬರಿಗೆ ತಾಗದಂತೆ. ಅಲ್ಲಿನ ನಟ್ಟು ಬಹಳ ಬಿಗಿಯಾಗಿದ್ದರೆ ತೋಳು ಹಿಂದಕ್ಕೆ ಬರುವುದಿಲ್ಲ. ಬಹಳ ಸಡಿಲವಾದರೆ ಹಿಡಿಯುವಾಗ ಅದುರುತ್ತದೆ. ರಬ್ಬರು ಪೂರ್ತಿ ರಿಮ್ಮಿನ ಮೇಲೆಯೇ ಕೂರಬೇಕು. ಮೇಲೆ ಹೋದರೆ ಟೈರನ್ನು ಕೊಯ್ಯುತ್ತದೆ, ಕೆಳಗಿಳಿದರೆ ರಿಮ್ಮಿನಿಂದ ಜಾರಿ ಕಡ್ಡಿಗಳಿಗೆ ಸಿಕ್ಕಿಕೊಳ್ಳುತ್ತದೆ. ಆನಂತರ ನಡುವಿಗೆ ತರುವ ಕೆಲಸ. ಇಡೀ ಬ್ರೇಕು ಫೋರ್ಕಿನ ನೆತ್ತಿಯಲ್ಲಿ ಒಂದೇ ಬೋಲ್ಟಿನ ಮೇಲೆ ನಿಂತಿದೆ. ಹಿಂದಿನ ನಟ್ಟನ್ನು ತುಸು ಸಡಿಲಿಸಿ, ಎರಡು ರಬ್ಬರುಗಳ ಅಂತರವೂ ಸಮನಾಗುವಂತೆ ಬ್ರೇಕನ್ನು ತಿರುಗಿಸಿ ಹಿಡಿದುಕೊಂಡು, ಮತ್ತೆ ಬಿಗಿಯಬೇಕು. ಬಿಗಿಯುವಾಗ ಬ್ರೇಕೂ ಜೊತೆಗೇ ತಿರುಗಿಬಿಡುತ್ತದೆ, ಅದನ್ನು ಲೆಕ್ಕದಲ್ಲಿ ಇಟ್ಟುಕೊಳ್ಳಬೇಕು. ಅಷ್ಟಕ್ಕೂ ಬಗ್ಗದಿದ್ದರೆ ಚಾಚಾ ಒಂದು ಉಪಾಯ ಮಾಡುತ್ತಿದ್ದರು. ಯಾವ ಕಡೆಯ ರಬ್ಬರು ರಿಮ್ಮಿನಿಂದ ದೂರವಿದೆಯೋ ಆ ಕಡೆಯ ಸ್ಪ್ರಿಂಗಿನ ನೆತ್ತಿಯ ಮೇಲೆ ಒಂದು ಮೊಂಡು ಮೊಳೆಯಿಟ್ಟು ಸುತ್ತಿಗೆಯಿಂದ ಮೆಲ್ಲಗೆ ಒಂದು ಪೆಟ್ಟು. ಬ್ರೇಕು ಕೂದಲೆಳೆಯಷ್ಟು ತಿರುಗಿ ನಡುವಿಗೆ ಬಂದು ನಿಲ್ಲುತ್ತಿತ್ತು. ತಂತಿಯನ್ನು ಬಿಗಿಯುವುದು ಎಲ್ಲಕ್ಕಿಂತ ಕೊನೆಗೆ.

ಕಡೆಯದಾಗಿ ಪರೀಕ್ಷೆ. ಮುಂದಿನ ಬ್ರೇಕನ್ನು ಬಲವಾಗಿ ಹಿಡಿದು ಸೈಕಲ್ಲನ್ನು ಮುಂದಕ್ಕೆ ನೂಕಿ. ಗಾಲಿ ತಿರುಗದೆ ಸೈಕಲ್ಲಿನ ಹಿಂಭಾಗ ಏಳಬೇಕು. ಹಿಂದಿನ ಬ್ರೇಕಾದರೆ ಗಾಲಿ ತಿರುಗದೆ ಜಾರಬೇಕು. ಇದಾಗದೆ ಸೈಕಲ್ಲನ್ನು ಹತ್ತಬಾರದು, ಮಕ್ಕಳ ಕೈಗೆ ಕೊಡಲಂತೂ ಬಾರದು. ಇನ್ನೊಂದು ಮಾತು. ನಿಕ್ಕಲ್ ಹೊಳಪಿನ ಉಕ್ಕಿನ ರಿಮ್ಮು ಒದ್ದೆಯಾದರೆ ರಬ್ಬರು ಜಾರುತ್ತದೆ. ಮಳೆಯಲ್ಲಿ ಇಳಿಜಾರಿಗೆ ಬಹಳ ಮುಂಚೆಯೇ ಬ್ರೇಕನ್ನು ಮೆಲ್ಲಗೆ ಹಿಡಿದು ನೀರನ್ನು ಒರೆಸಿಕೊಳ್ಳಬೇಕು.

ಇಷ್ಟನ್ನು ಕಲಿತ ಮೇಲೆ ಶನಿವಾರ ಶಾಲೆ ಬಿಟ್ಟ ಬಳಿಕ ಹೊಂಗೆಮರದ ಕೆಳಗೆ ಅರ್ಧ ಗಂಟೆ ಕೂರತೊಡಗಿದೆ. ನಿಮ್ಮಲ್ಲಿ ಅನೇಕರು ನಿಮ್ಮ ಸೈಕಲ್ಲುಗಳನ್ನು ಅಲ್ಲಿ ತಲೆಕೆಳಗಾಗಿ ನಿಲ್ಲಿಸಿದ್ದು ನೆನಪಿರಬಹುದು. ನಾನು ಸರಿಮಾಡಿ ಕೊಡುತ್ತಿರಲಿಲ್ಲ, ನಿಮ್ಮ ಕೈಯಿಂದಲೇ ಮಾಡಿಸುತ್ತಿದ್ದೆ. "ಮೇಷ್ಟ್ರು ಬಿಟ್ಟಿ ಕೆಲಸ ಮಾಡಿಸ್ತಾರೆ" ಎಂದು ಕೆಲವರು ಗೊಣಗುತ್ತಿದ್ದದ್ದೂ ನನ್ನ ಕಿವಿಗೆ ಬೀಳುತ್ತಿತ್ತು. ಏಕೆ ಮಾಡಿಸುತ್ತಿದ್ದೆನೆಂದು ಈಗ ತಿಳಿಯಿತಲ್ಲ.

ನಾನು ನಿವೃತ್ತನಾಗುವ ಹೊತ್ತಿಗೆ, 2006-07ನೇ ಸಾಲಿನಲ್ಲಿ, ರಾಜ್ಯ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಅಪ್ಪನ, ಅಣ್ಣನ ಸೈಕಲ್ಲಿನ ಕ್ಯಾರಿಯರಿನಲ್ಲಿ ಮಾತ್ರ ಕುಳಿತು ಗೊತ್ತಿದ್ದ ಹಳ್ಳಿಯ ಹೆಣ್ಣುಮಕ್ಕಳು ಸ್ವಂತ ಸೈಕಲ್ಲಿನಲ್ಲಿ ಸಾಲಾಗಿ ಬರುವುದನ್ನು ನೋಡಿ ನನ್ನ ಕಣ್ಣು ತೇವವಾಗಿತ್ತು. ಯಾವ ಹೊಸ ಸೈಕಲ್ಲಾದರೂ ಮೊದಲ ಕೆಲವು ವಾರಗಳಲ್ಲಿ ನಟ್ಟುಗಳು ಸಡಿಲವಾಗುತ್ತವೆ, ರಬ್ಬರು ಸವೆದು ತನ್ನ ಜಾಗ ಕಂಡುಕೊಳ್ಳುತ್ತದೆ, ಬ್ರೇಕು ಒಂದು ಪಕ್ಕಕ್ಕೆ ವಾಲುತ್ತದೆ. ಕೆಲವು ಮಕ್ಕಳು ಉಜ್ಜುತ್ತದೆಂದು ಬ್ರೇಕನ್ನೇ ಬಿಚ್ಚಿ ಬರುತ್ತಿದ್ದುದನ್ನು ಕಂಡೆ. ನನ್ನ ಎದೆ ಧಸಕ್ಕೆಂದಿತು. ಆ ಕೊನೆಯ ವರ್ಷ ಶನಿವಾರದ ಅರ್ಧ ಗಂಟೆ ಎರಡು ಗಂಟೆಯಾಯಿತು. ಹುಡುಗಿಯೊಬ್ಬಳು ಒಂದೇ ದಿನದಲ್ಲಿ ಬೆಂಡು ತೆಗೆಯಲು ಕಲಿತು, ಮುಂದಿನ ವಾರ ತನ್ನ ಗೆಳತಿಯರ ಸೈಕಲ್ಲುಗಳನ್ನೆಲ್ಲ ತಾನೇ ಸರಿಮಾಡಿದಳು. "ಸರ್, ನೀವು ಬರೀ ನೋಡ್ತಾ ಕೂತ್ಕೊಳ್ಳಿ" ಎಂದಳು. ಶಿಕ್ಷಕನಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಬೇಕೆ?

ಈಗ ಕಾಲ ಬಹಳ ಮುಂದೆ ಹೋಗಿದೆ. ಸೇನ್-ರ್‍ಯಾಲೀ ಕಾರ್ಖಾನೆ 1980ರಲ್ಲಿ ಸರ್ಕಾರದ ಕೈಸೇರಿ, ಮುಂದೆ ಮುಚ್ಚಿಹೋಯಿತು. ನಾಟಿಂಗ್‌ಹ್ಯಾಮಿನಲ್ಲಿಯೂ ಈಗ ರ್‍ಯಾಲೀ ಸೈಕಲ್ಲು ತಯಾರಾಗುವುದಿಲ್ಲ. ಅಟ್ಲಾಸ್ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ವಿಶ್ವಸಂಸ್ಥೆಯು 2018ರಲ್ಲಿ ವಿಶ್ವ ಸೈಕಲ್ ದಿನವೆಂದು ಘೋಷಿಸಿದ ದಿನವೂ ಅದೇ. ನಮ್ಮ ಮೊಮ್ಮಕ್ಕಳ ಸೈಕಲ್ಲಿಗೆ ಡಿಸ್ಕ್ ಬ್ರೇಕು ಬಂದಿದೆ. ಅದು ರಿಮ್ಮನ್ನೂ ಬಿಟ್ಟು ಗಾಲಿಯ ನಡುವಿನ ತಟ್ಟೆಯನ್ನು ಹಿಡಿಯುತ್ತದೆ. ಟೈರಿನಿಂದ ರಿಮ್ಮಿಗೆ, ರಿಮ್ಮಿನಿಂದ ನಡುವಿಗೆ. ಎಲ್ಲಿ ಒತ್ತಬೇಕೆಂಬ ಪ್ರಶ್ನೆಗೆ ಇನ್ನೊಂದು ಉತ್ತರ. ಅದಕ್ಕೂ ಎರಡು ಕಡೆಯ ಹಿಡಿತ ಸಮನಾಗಿರಲೇಬೇಕು.

ಕೆಲವು ವರ್ಷಗಳ ಹಿಂದೆ ಹಿರೇಕಲ್ಮಠದ ಹತ್ತಿರ ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಆ ಹುಡುಗ ಸಿಕ್ಕನು. ಹುಡುಗನೆನ್ನುವುದು ನನ್ನ ಅಭ್ಯಾಸ. ಅವನಿಗೂ ಅರವತ್ತು ದಾಟಿ ತಲೆ ನರೆತಿತ್ತು. ನನಗೆ ನೀರಿನ ಲೋಟ ಸರಿಸುವಾಗ ಎಡಗೈ ತುಸು ಓರೆಯಾಗಿರುವುದು ಕಂಡಿತು. ಊಟವಾದ ಮೇಲೆ ಅವನನ್ನು ಪಕ್ಕಕ್ಕೆ ಕರೆದು, ಅಷ್ಟು ವರ್ಷ ಹೇಳದೆ ಉಳಿದ ಮಾತನ್ನು ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಂಗೆ ಆವಾಗ್ಲೇ ಗೊತ್ತಿತ್ತು ಸಾರ್. ಅಪ್ಪನಿಗೆ ಹೇಳಿದ್ರೆ ಶಾಲೆ ಬಿಡಿಸ್ತಿದ್ರು. ಅದಕ್ಕೇ ಹೇಳ್ಲಿಲ್ಲ" ಎಂದನು. ನಂತರ ನಕ್ಕು, "ನನ್ನ ಮಗನಿಗೆ ಬ್ರೇಕ್ ಸರಿ ಮಾಡೋದು ಕಲಿಸಿದೋರು ನೀವೇ. ಹೊಂಗೆಮರದ ಕೆಳಗೆ" ಎಂದನು. ಅವನ ಮಗ ಯಾರೆಂದು ನನಗೆ ಅಂದಿನವರೆಗೂ ಗೊತ್ತಿರಲಿಲ್ಲ.

ಬೆಂಗಳೂರಿನ ಶಿಷ್ಯನೇ, ನಿನ್ನ ಪ್ರಶ್ನೆಗೆ ಉತ್ತರ ಉದ್ದವಾಯಿತು, ಕ್ಷಮಿಸು. ಮೊದಲು ಗಾಲಿ ನೋಡು. ತಂತಿಯನ್ನು ಕೊನೆಗೆ ಬಿಗಿ. ನಿನ್ನ ತಂದೆಯವರ ಸೈಕಲ್ಲಿನ ಕಡ್ಡಿ ಬ್ರೇಕನ್ನು ಕಿತ್ತು ಹೊಸದನ್ನು ಹಾಕಿಸಬೇಡ. ಅದು ಇನ್ನೂ ಬಹಳ ಕಾಲ ಬಾಳುತ್ತದೆ. ಎಲ್ಲ ಮುಗಿದ ಮೇಲೆ ಹಿಡಿಯನ್ನು ಒಮ್ಮೆ ಹಿಚುಕಿ ನೋಡುವುದನ್ನು ಮಾತ್ರ ಮರೆಯಬೇಡ.